ಅಕ್ಕನ ತಲೆಯ ಮೇಲಿಟ್ಟ ಕೈ

ಒಂದು ಚಿಟಿಕೆ ಕಪ್ಪು ಪುಡಿಯನ್ನು ಕಾಗದದಲ್ಲಿ ಮಡಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು ನಾನು ನಮ್ಮ ಆಸ್ಪತ್ರೆಯ ಔಷಧದ ಕೋಣೆಯ ಬಾಗಿಲಿಗೆ ಹೋಗಿ ನಿಂತಿದ್ದೆ. ಒಳಗೆ ಫಾರ್ಮಸಿಸ್ಟ್ ಹಂಸಾ ಇದ್ದಳು. ತೋರಿಸಿದ್ದರೆ ಅದರಲ್ಲಿ ಏನಿದೆ ಎಂದು ಪರೀಕ್ಷೆ ಮಾಡಿಸುತ್ತಿದ್ದಳು. ನಾನು ಬಾಗಿಲು ತಟ್ಟಲಿಲ್ಲ. ಮರುದಿನ ಮತ್ತೆ ಹೋದೆ, ಆಗಲೂ ತಟ್ಟಲಿಲ್ಲ. ಅದು ನನ್ನ ಅಕ್ಕ ಸುಶೀಲಾ ಕೀಮೋಥೆರಪಿಯ ಜೊತೆಗೆ ಯಾರಿಗೂ ಹೇಳದೆ ತಿನ್ನುತ್ತಿದ್ದ ಪುಡಿ. ಹಾಗೆ ತಿಂದರೆ ಏನಾಗಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಯಿಲೆಯವರು ಮನೆಯಲ್ಲಿ ಕದ್ದು ತಿನ್ನುವುದನ್ನು ಅವರ ಬಾಯಿಂದಲೇ ಹೊರಡಿಸುವುದು ನನ್ನ ಕೆಲಸವಾಗಿತ್ತು. ಬೇರೆಯವರ ಪಾಲಿಗೆ ಮಾಡಿದ ಆ ಕೆಲಸವನ್ನು ಒಡಹುಟ್ಟಿದವಳ ಪಾಲಿಗೆ ಮಾಡಲಿಲ್ಲ.

ಅಕ್ಕ ಈಗ ಇಲ್ಲ. ಕಾಯಿಲೆ ಮರಳಿ ಬಂದ ಮೇಲೂ ಅವಳಿಗೆ ಕೆಲವು ವರ್ಷ ಸಿಕ್ಕವು. ಇನ್ನಷ್ಟು ಸಿಗಬಹುದಿತ್ತೇ ಎಂದು ಯಾವ ಡಾಕ್ಟರೂ ಹೇಳಲಾರರು. ನಾನು ಮಾತ್ರ ಕೇಳಿಕೊಳ್ಳುತ್ತಲೇ ಇರುತ್ತೇನೆ.

ಈಚೆಗೆ ಇಲ್ಲಿ ಲಂಡನ್ನಿನಲ್ಲಿ ನಮ್ಮ ಕನ್ನಡದವರ ಮನೆಯ ಹುಡುಗಿಯರು ಆಸ್ಪತ್ರೆಯ ಸಹಾಯಕಿ ಕೆಲಸಕ್ಕೆ ಸೇರುತ್ತಿದ್ದಾರೆ. “ಆಂಟಿ, ಹೇಗಿರತ್ತೆ ಕೆಲಸ?” ಎಂದು ಕೇಳುತ್ತಾರೆ. ಬಿ.ಪಿ. ನೋಡುವುದು, ಹಾಸಿಗೆ ಬದಲಿಸುವುದು ತರಬೇತಿಯಲ್ಲೇ ಬರುತ್ತದೆ. ಅಲ್ಲಿ ಹೇಳಿಕೊಡದ್ದನ್ನು ಇಲ್ಲಿ ಬರೆಯುತ್ತೇನೆ. ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಐದನೇ ಇಯತ್ತೆಯವರೆಗೆ ಓದಿದವಳು ನಾನು. ಉದ್ದದ ಮಾತು ಬರೆಯಲು ಬರುವುದಿಲ್ಲ.

ನನಗೆ ರಷ್ಯನ್ ಹೇಗೆ ಬಂತು ಎಂಬುದನ್ನು ಮೊದಲು ಹೇಳಬೇಕು. ಹರೆಯದಲ್ಲಿ ಮಾಸ್ಕೋದಲ್ಲಿದ್ದ ಭಾರತದ ಅಧಿಕಾರಿಯೊಬ್ಬರ ಮನೆಗೆ ಅಡುಗೆಗೆಂದು ಹೋದೆ. ಮನೆಯೊಡತಿ ಚಳಿಗೆ ಹೊರಗೆ ಕಾಲಿಡುತ್ತಿರಲಿಲ್ಲ. ಬ್ರೆಡ್ಡಿನ ಸಾಲು, ಆಲೂಗಡ್ಡೆಯ ಸಾಲು, ಎಲ್ಲದರಲ್ಲೂ ನಾನೇ ನಿಲ್ಲಬೇಕು. ಆ ಸಾಲುಗಳಲ್ಲಿ ಮುದುಕಿಯರ ಜೊತೆ ಜಗಳವಾಡುತ್ತ ಭಾಷೆ ಕಲಿತೆ. ಓದಲು ಬಾರದು, ಬೈಯಲು ಬರುತ್ತದೆ. ಆ ಕುಟುಂಬಕ್ಕೆ ಲಂಡನ್ನಿಗೆ ವರ್ಗವಾದಾಗ ನಾನೂ ಬಂದೆ. ಅವರು ದೆಹಲಿಗೆ ಮರಳಿದರು, ನಾನು ಉಳಿದೆ. ಅಕ್ಕ ಮದುವೆಯಾಗಿ ಬಹಳ ಮೊದಲೇ ಬಂದು ಕಿಂಗ್ಸ್‌ಬರಿಯಲ್ಲಿದ್ದಳು. ಭಾವನಿಗೆ ಬಸ್ ಗ್ಯಾರೇಜಿನಲ್ಲಿ ಕೆಲಸ. ನಾನು ಒಂದೇ ಸ್ಟೇಷನ್ ಆಚೆ ಕ್ವೀನ್ಸ್‌ಬರಿಯಲ್ಲಿ ಕೋಣೆ ಹಿಡಿದೆ.

ತೊಂಬತ್ತರ ದಶಕದಲ್ಲಿ ಒಂದು ಆಸ್ಪತ್ರೆಯ ಕೀಮೋ ಡೇ ಯೂನಿಟ್ಟಿನಲ್ಲಿ ಚಹಾದ ಗಾಡಿ ತಳ್ಳುವ ಕೆಲಸ ಸಿಕ್ಕಿತು. ಸಾಲಾಗಿ ಒರಗುಕುರ್ಚಿ, ಪ್ರತಿ ಕುರ್ಚಿಯ ಪಕ್ಕ ಒಂದು ಡ್ರಿಪ್. ಬೆಳಿಗ್ಗೆ ಬಂದವರು ಔಷಧ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುತ್ತಾರೆ. ರೀಗಾ, ತಾಷ್ಕೆಂಟ್, ಒಡೆಸ್ಸಾ ಹೀಗೆ ಒಡೆದುಹೋದ ಆ ದೊಡ್ಡ ದೇಶದ ಚೂರುಚೂರುಗಳಿಂದ ಜನ ಬರತೊಡಗಿದ್ದ ಕಾಲ ಅದು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೇಳಿ ಕರೆಸಿದ ದುಭಾಷಿ ಒಮ್ಮೊಮ್ಮೆ ಬರುತ್ತಿರಲಿಲ್ಲ. ನಾನು ರಷ್ಯನ್ನಿನಲ್ಲಿ “ಸಕ್ಕರೆ ಎಷ್ಟು?” ಎಂದರೆ ಸಾಕು, ಕಣ್ಣೀರು ಹಾಕುತ್ತಿದ್ದರು.

ಅಲ್ಲಿಂದಲೇ ನನ್ನ ಮೊದಲ ದೊಡ್ಡ ತಪ್ಪು ಹುಟ್ಟಿತು. ತಾಷ್ಕೆಂಟಿನಿಂದ ಬಂದ ರಯೀಸಾ ಎಂಬ ಮುದುಕಿ. ಲಿಫ್ಟಿನ ಹತ್ತಿರ ಅವಳ ಮಗಳು ನನ್ನ ಕೈ ಹಿಡಿದುಕೊಂಡಳು. “ಅಮ್ಮನಿಗೆ ಕ್ಯಾನ್ಸರ್ ಅನ್ನೋ ಮಾತು ಹೇಳಬೇಡಿ. ಸತ್ತೇ ಹೋಗ್ತಾಳೆ. ಶಕ್ತಿಗೆ ಹಾಕ್ತಾರೆ ಅನ್ನಿ.” ಅವರ ಕಡೆ ಶಕ್ತಿಗೆಂದು ಡ್ರಿಪ್ ಹಾಕಿಸಿಕೊಳ್ಳುವುದು ಇದ್ದದ್ದೇ. ಕಾಯಿಲೆಯ ಹೆಸರನ್ನು ಮುಚ್ಚಿಡುವುದಂತೂ ನಮ್ಮ ಮನೆಗಳಲ್ಲೂ ಇದೆ. ಆ ದಿನ ದುಭಾಷಿ ಬಂದಿರಲಿಲ್ಲ. ನರ್ಸ್ ಸೂಚನೆಗಳನ್ನೆಲ್ಲ ಇಂಗ್ಲಿಷ್ ಬಲ್ಲ ಮಗಳಿಗೆ ಹೇಳಿ ಹೋದಳು. ರಯೀಸಾ ನನ್ನನ್ನು ಕೇಳಿದಳು, “ಏನು ಹಾಕ್ತಿದ್ದಾರೆ, ಮಗಳೇ?” ನಾನು “ಶಕ್ತಿಗೆ” ಎಂದೆ.

ಕೀಮೋ ಆದವರಿಗೆ ಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಫೋನ್ ಮಾಡಬೇಕು. ರಕ್ತದಲ್ಲಿ ಸೋಂಕನ್ನು ತಡೆಯುವ ಬಲ ಇರುವುದಿಲ್ಲ. ರಯೀಸಾಳಿಗೆ ಜ್ವರ ಬಂತು. ಶಕ್ತಿಯ ಡ್ರಿಪ್ಪಿಗೂ ಜ್ವರಕ್ಕೂ ಏನು ಸಂಬಂಧ ಎಂದುಕೊಂಡು, ಮಗಳಿಗೆ ಸಹ ಹೇಳದೆ ರಜಾಯಿ ಹೊದ್ದು ಮಲಗಿದಳು. ಆಂಬ್ಯುಲೆನ್ಸಿನಲ್ಲಿ ಬಂದಾಗ ಅವಳು ಯಾರನ್ನೂ ಗುರುತು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಹೇಗೋ ಬದುಕಿದಳು.

ಯೂನಿಟ್ಟಿನ ಮುಖ್ಯಸ್ಥೆ ಬ್ರೀಡಾ, ಐರಿಷ್ ಹೆಂಗಸು. ಅವಳು ಕೂಗುತ್ತಿರಲಿಲ್ಲ. ದನಿ ತಗ್ಗಿದರೆ ನಮಗೆ ನಡುಕ. ನನ್ನನ್ನು ಬಟ್ಟೆಯ ಕೋಣೆಗೆ ಕರೆದು ಬಾಗಿಲು ಹಾಕಿದಳು.

“ಅವಳಿಗೆ ದಯೆ ತೋರಿಸಿದೆ ಅಂದ್ಕೊಂಡಿದ್ದೀಯಾ?”

“ಮಗಳು ಕೇಳಿಕೊಂಡಳು, ಸಿಸ್ಟರ್.”

“ಕಾಯಿಲೆ ಮಗಳಿಗಲ್ಲ. ಜ್ವರ ಬಂದರೆ ಫೋನ್ ಮಾಡಬೇಕು ಅನ್ನೋದು ಒಂದೇ ಆಯುಧ ಆ ಹೆಂಗಸಿನ ಕೈಯಲ್ಲಿ ಇದ್ದದ್ದು. ನೀನು ಅದನ್ನು ಕಿತ್ಕೊಂಡೆ. ಇನ್ನು ಮೇಲೆ ರಷ್ಯನ್ನಲ್ಲಿ ಹಾಲು ಬೇಕಾ ಸಕ್ಕರೆ ಬೇಕಾ ಅಂತ ಕೇಳು. ಅದರ ಮೇಲೆ ಒಂದು ಮಾತಾಡಿದರೂ ನಿನ್ನ ಜಾಗ ಲಾಂಡ್ರಿ.”

ಅಂದಿನಿಂದ ಬಹಳ ಕಾಲ ನಾನು ಹಾಲು ಸಕ್ಕರೆಯವಳಾಗಿಯೇ ಇದ್ದೆ. ಆದರೂ ಕೆಲವು ಸಲ ಬ್ರೀಡಾಳೇ ಕರೆಯಬೇಕಾಗುತ್ತಿತ್ತು. ಒಡೆಸ್ಸಾದ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ದಪ್ಪ ಮನುಷ್ಯನೊಬ್ಬ ಬರುತ್ತಿದ್ದ. ಒಂದು ಬಗೆಯ ಔಷಧ ಹೋಗುವಾಗ ಬಾಯಲ್ಲಿ ಐಸ್ ಇಟ್ಟುಕೊಂಡರೆ ಬಾಯಿ ಹುಣ್ಣಾಗುವುದು ಕಡಿಮೆ. ಅವನೋ, ತಣ್ಣಗಿನದು ಮುಟ್ಟಿದರೆ ಸಾವು ಎಂದು ನಂಬಿದವನು. ಪಕ್ಕದ ಇಂಗ್ಲಿಷ್ ಮುದುಕ ಕಿಟಕಿ ತೆರೆದರೆ ಇವನು ಡ್ರಿಪ್ಪಿನ ಕಂಬ ಎಳೆದುಕೊಂಡೇ ಹೋಗಿ ಮುಚ್ಚಿಬರುತ್ತಿದ್ದ. ನರ್ಸ್ ಐಸ್ ತಂದರೆ ಲೋಟ ನೂಕಿದ.

“ನನ್ನ ಗಂಟಲು ಹಿಡಿಸಿ ಕೊಲ್ಲಬೇಕು ಅಂತಿದ್ದೀರಾ?” ಎಂದು ನನ್ನ ಮೇಲೆ ರೇಗಿದ.

“ಬಾಯಿ ಹುಣ್ಣಾದರೆ ಸೂಪ್ ಸಹ ಇಳಿಯಲ್ಲ.”

“ನೀನು ಮೊದಲು ತಿನ್ನು. ಸಾಯದಿದ್ದರೆ ನಾನೂ ತಿನ್ನುತ್ತೇನೆ.”

ಔಷಧ ಮುಗಿಯುವ ತನಕ ನಾನೂ ಅವನ ಎದುರು ಕೂತು ಐಸ್ ಚೀಪಿದೆ. ನನ್ನ ಹಲ್ಲು ಜುಮ್ಮೆನ್ನುವುದನ್ನು ನೋಡಿ ನಕ್ಕ, ಆಮೇಲೆ ತಾನೂ ಒಂದು ತುಂಡು ಬಾಯಿಗೆ ಹಾಕಿಕೊಂಡ. ಮುಂದಿನ ಸಲ ಬಂದಾಗ ಬಾಯಿ ತೆರೆದು ತೋರಿಸಿದ. ಹುಣ್ಣಿರಲಿಲ್ಲ.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗತೊಡಗಿತ್ತು. ಹಳೆಯ ಸಾಮಾನು ತುಂಬಿದ್ದ ಕೋಣೆಯೊಂದನ್ನು ತೆರವು ಮಾಡಿ ಒಂದು ಮಂಚ ಹಾಕಿದರು. ಪರಿಮಳದ ಎಣ್ಣೆಯಿಂದ ಕಾಲಿನ ಮಾಲೀಶು, ಉಸಿರಾಟ ಕಲಿಸುವುದು, ವಾಕರಿಕೆ ತಡೆಯಲು ಮಣಿಕಟ್ಟಿನ ಮೇಲೆ ಒತ್ತುವ ಪಟ್ಟಿ, ಶುಂಠಿ ಚಹಾ. ಬ್ರೀಡಾ ಮೊದಲು “ಸೆಂಟಿನ ಅಂಗಡಿ” ಎಂದು ಮೂಗು ಮುರಿದಳು. ವಾಂತಿಗೆ ಹೆದರಿ ಬರುವುದನ್ನೇ ಬಿಟ್ಟಿದ್ದ ಹೆಂಗಸೊಬ್ಬಳು ಆ ಮಂಚದ ಆಸೆಗೆ ಮರಳಿ ಬಂದ ಮೇಲೆ ಬ್ರೀಡಾ ತಾನೇ ಜನರನ್ನು ಕಳಿಸತೊಡಗಿದಳು. ನನಗೂ ಕಾಲು ನೀವುವುದನ್ನು ಕಲಿಸಿದರು. ಇದರಿಂದ ಗಂಟು ಕರಗುವುದಿಲ್ಲ. ಮುಂದಿನ ಡ್ರಿಪ್ಪಿಗೆ ಬರುವ ಧೈರ್ಯ ಉಳಿಯುತ್ತದೆ, ರಾತ್ರಿ ನಿದ್ದೆ ಹತ್ತುತ್ತದೆ. ಇಷ್ಟಕ್ಕಿಂತ ಹೆಚ್ಚು ಆಗುತ್ತದೆಂದು ಹೇಳುವವರನ್ನು ನಂಬಬೇಡಿ.

ಆಗ ಬಂದವಳು ಹಂಸಾ. ಗುಜರಾತಿ ಹುಡುಗಿ, ಇಲ್ಲೇ ಹುಟ್ಟಿದವಳು. ಅವಳ ತಾಯಿಯೂ ಕೀಮೋದ ಕಾಲದಲ್ಲಿ ಹಿತ್ತಲ ಔಷಧವನ್ನು ಬಚ್ಚಿಟ್ಟು ತಿಂದವಳಂತೆ. ಮೊದಲು ಡಾಕ್ಟರುಗಳು “ಬೇರೆ ಔಷಧ ತಗೊಳ್ತಿದ್ದೀರಾ?” ಎಂದು ಕೇಳುತ್ತಿದ್ದರು, ಎಲ್ಲರೂ ಇಲ್ಲ ಎನ್ನುತ್ತಿದ್ದರು. ಬೇರು, ಚಕ್ಕೆ, ಸೊಪ್ಪು ಯಾರ ಲೆಕ್ಕದಲ್ಲಿ ಔಷಧ? ಹಂಸಾ ಬ್ರೀಡಾಳನ್ನು ಒಪ್ಪಿಸಿ ನನಗೆ ಹೊಸ ಕೆಲಸ ಕೊಟ್ಟಳು. “ಶಾಂತಾಬೆನ್, ನೀವು ಔಷಧದ ಮಾತೇ ತೆಗೀಬೇಡಿ. ಅಡುಗೆಮನೆಯ ಮಾತು ತೆಗೀರಿ. ಕೇಳಿದ್ದನ್ನು ನನಗೆ ಹೇಳಿ. ಆದರೆ ಹೇಳ್ತೀನಿ ಅಂತ ಅವರಿಗೂ ಮೊದಲೇ ತಿಳಿಸಿರಿ.”

ಹೀಗಾಗಿ ಕಾಲು ನೀವುತ್ತ ನಾನು ಶುರುಮಾಡುತ್ತಿದ್ದೆ: ನಮ್ಮವ್ವ ಕೆಮ್ಮಿಗೆ ಮೆಣಸಿನ ಕಷಾಯ ಕೊಡುತ್ತಿದ್ದಳು, ನಿಮ್ಮಮ್ಮ ಏನು ಕೊಡುತ್ತಿದ್ದಳು? ಚೀಲಗಳು ತಾವಾಗಿ ಬಿಚ್ಚಿಕೊಳ್ಳುತ್ತಿದ್ದವು. ಮರದ ಮೇಲೆ ಬೆಳೆಯುವ ಕಪ್ಪು ಅಣಬೆ, ಬೀಟ್‌ರೂಟಿನ ರಸ, ವೋಡ್ಕಾದಲ್ಲಿ ನೆನೆಹಾಕಿದ ಏನೇನೋ ಎಲೆ.

ರೀಗಾದ ಗಲೀನಾ ಪೆತ್ರೋವ್ನಾ ಬಾಯಿ ಬಿಡಲು ಬಹಳ ದಿನ ಹಿಡಿಯಿತು. ಶಾಲೆಯಲ್ಲಿ ಗಣಿತ ಕಲಿಸಿದ ಹೆಂಗಸು, ಸೆಟೆದು ಕೂರುತ್ತಿದ್ದಳು. ನನ್ನನ್ನು ಶಾಂತೋಚ್ಕಾ ಎನ್ನುತ್ತಿದ್ದಳು. ಅವರಲ್ಲಿ ಪ್ರೀತಿಗೆ ಹೆಸರಿನ ಬಾಲ ಹಾಗೆ ಉದ್ದವಾಗುತ್ತದೆ. ಒಂದು ದಿನ ಅವಳಾಗಿಯೇ, ಮನಸ್ಸಿನ ದುಗುಡಕ್ಕೆ ಹಳದಿ ಹೂವಿನ ಒಂದು ಗಿಡದ ಚಹಾ ಕುಡಿಯುತ್ತೇನೆ ಎಂದಳು.

“ದಿನಾನಾ?”

“ಮೂರು ಹೊತ್ತು. ಇದು ನಮ್ಮಿಬ್ಬರಲ್ಲೇ ಇರಲಿ.”

“ಇರಲ್ಲ, ಗಲೀನಾ ಪೆತ್ರೋವ್ನಾ. ಮೊದಲೇ ಹೇಳಿದ್ದೆ.”

ಕಾಲು ಕಿತ್ತುಕೊಂಡಳು. “ದ್ರೋಹಿ. ಸಾಲಿನಲ್ಲಿ ನಿಂತು ಭಾಷೆ ಕಲಿತವಳು, ಚಾಡಿ ಹೇಳೋದನ್ನೂ ಅಲ್ಲೇ ಕಲಿತೆಯಾ? ನಿನ್ನ ಸ್ವಂತ ಅಕ್ಕನಾಗಿದ್ದರೆ ಹೇಳ್ತಿದ್ದೆಯಾ?”

“ಎಲ್ಲರಿಗಿಂತ ಮೊದಲು ಅವಳದನ್ನೇ ಹೇಳ್ತಿದ್ದೆ” ಎಂದೆ. ಯೋಚನೆ ಮಾಡದೆ, ತಲೆಯೆತ್ತಿ ಹೇಳಿದೆ.

ಹಂಸಾ ಆ ಹೂವಿನ ಹೆಸರು ಕೇಳಿದ್ದೇ ಎದ್ದು ನಿಂತಳು. ಅದು ದೇಹದಿಂದ ಕೀಮೋ ಔಷಧವನ್ನು ಬೇಗ ಬೇಗ ಹೊರಗೆ ಹಾಕುತ್ತದಂತೆ. ಡ್ರಿಪ್ಪಿನಲ್ಲಿ ಹೋದದ್ದಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಅದನ್ನು ಬಿಡಿಸಿ, ದುಗುಡಕ್ಕೆ ಬೇರೆ ದಾರಿ ಮಾಡಿಕೊಟ್ಟರು. ಗಲೀನಾ ನನ್ನೊಡನೆ ಮಾತು ಬಿಟ್ಟಳು. ಮುಂದಿನ ಸ್ಕ್ಯಾನಿನಲ್ಲಿ ಗಂಟು ಚಿಕ್ಕದಾಗಿತ್ತು. ಆ ದಿನ ಬಂದು ಕುರ್ಚಿಯಲ್ಲಿ ಕೂತು, ಮುಖ ಆಚೆ ತಿರುಗಿಸಿಕೊಂಡೇ ಕಾಲನ್ನು ನನ್ನ ಕಡೆ ಚಾಚಿದಳು.

ಇದಾಗಿ ಕೆಲವು ವರ್ಷಕ್ಕೆ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿತು. ಅವಳ ಚಿಕಿತ್ಸೆ ನಡೆದದ್ದು ಬೇರೆ ಆಸ್ಪತ್ರೆಯಲ್ಲಿ. ರಜೆಯ ದಿನ ನಾನು ಕಿಂಗ್ಸ್‌ಬರಿಗೆ ಹೋಗಿ ಅಡುಗೆ ಮಾಡಿಟ್ಟು ಬರುತ್ತಿದ್ದೆ. ಒಂದು ದಿನ ಜೀರಿಗೆ ಹುಡುಕುತ್ತ ಕಪಾಟಿನ ಹಿಂದೆ ಕೈ ಹಾಕಿದರೆ ಉಪ್ಪಿನಕಾಯಿ ಬಾಟಲಿಯಲ್ಲಿ ಕಪ್ಪು ಪುಡಿ. ಊರ ಕಡೆಯ ಯಾರೋ ಕೊಟ್ಟ ಭಸ್ಮ, ನೆಂಟರೊಬ್ಬರ ಪೆಟ್ಟಿಗೆಯಲ್ಲಿ ಬಂದದ್ದು. ಅದರಲ್ಲಿ ಏನೇನಿದೆಯೆಂದು ತಂದವರಿಗೂ ಗೊತ್ತಿಲ್ಲ.

“ಅಕ್ಕಾ, ಇದನ್ನ ತೋರಿಸಿ ಕೇಳೋಣು. ನಮ್ಮ ಹಂಸಾ ಛೊಲೋ ಹುಡುಗಿ, ಬೈಯಂಗಿಲ್ಲ.”

“ನಿನ್ನ ಹಂಸಾನೂ ಬ್ಯಾಡ, ಬಕಾನೂ ಬ್ಯಾಡ” ಎಂದಳು ಅಕ್ಕ. “ಆ ಔಷಧ ಹಾಕಿಸ್ಕೊಂಡು ಬಂದ್ರ ಗ್ವಾಡಿ ಹಿಡ್ಕೊಂಡು ಅಡ್ಡಾಡ್ತೀನಿ. ಇದನ್ನ ತಗೊಂಡ ದಿವಸ ಎರಡು ತುತ್ತು ಅನ್ನ ಇಳೀತದ. ಡಾಕ್ಟರಿಗೆ ಹೇಳಿದ್ರ ಇದನ್ನೂ ಬಿಡಸ್ತಾರ. ಇವರಿಗೆ ಗೊತ್ತಾದ್ರಂತೂ ಮುಗೀತು, ಮನೀ ತಲೀ ಮ್ಯಾಲ ತಗೋತಾರ.”

“ಲಿವರಿಗೆ ಏನಾರ ಆದ್ರ?”

“ನೀ ಡಾಕ್ಟರ್ ಆಗ್ಬ್ಯಾಡ ನನ್ನ ಮುಂದ. ನಿಂಗ ಜಡೀ ಹಾಕಿದಾಕಿ ನಾನು. ಬಾ ಇಲ್ಲೆ. ಕೈ ಇಡು, ಆಣಿ ಮಾಡು.”

ತಲೆಗೆ ಸುತ್ತಿದ್ದ ಬಟ್ಟೆ ತೆಗೆದಳು. ಕೂದಲೆಲ್ಲ ಉದುರಿಹೋಗಿದ್ದ ತಲೆ. ನನ್ನ ಕೈಯನ್ನು ತಾನೇ ಎಳೆದು ಅದರ ಮೇಲೆ ಇಟ್ಟುಕೊಂಡಳು. ತಲೆಯ ಮೇಲೆ ಮಾಡಿದ ಆಣೆ ಮುರಿದರೆ ಆ ತಲೆಯೇ ಉಳಿಯುವುದಿಲ್ಲ ಎಂದು ನಾವು ಸಣ್ಣವರಿದ್ದಾಗಿನಿಂದ ಕೇಳಿದವರು. ನಂಬುತ್ತೀಯಾ ಎಂದು ಬೇರೆ ಯಾವಾಗಲಾದರೂ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಆದರೆ ಅಂಗೈ ಕೆಳಗೆ ಆ ಬೋಳು ತಲೆ ಬೆಚ್ಚಗಿತ್ತು. ಆಣೆ ಮಾಡಿದೆ.

ಆ ಚಿಟಿಕೆ ಪುಡಿ ನನ್ನ ಜೇಬಿಗೆ ಬಂದದ್ದು ಅಂದೇ. ಅದು ಜೇಬಿನಲ್ಲೇ ಉಳಿದದ್ದನ್ನು ಆಗಲೇ ಹೇಳಿದೆ.

ಕೆಲವು ವಾರಗಳಲ್ಲಿ ಅಕ್ಕನ ಕಣ್ಣು ಹಳದಿಯಾದವು. ಚಿಕಿತ್ಸೆ ನಿಲ್ಲಿಸಿದರು. ಡಾಕ್ಟರು ನಮ್ಮ ಮೂವರನ್ನೂ ಕೂರಿಸಿಕೊಂಡು, ಮನೆಯಲ್ಲಿ ಬೇರೆ ಏನಾದರೂ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿದರು. ಭಾವ ಇಲ್ಲವೆಂದ. ಅವನಿಗೆ ಗೊತ್ತಿರಲಿಲ್ಲ. ಅಕ್ಕ ಇಲ್ಲವೆಂದಳು. ಡಾಕ್ಟರು ನನ್ನ ಕಡೆ ತಿರುಗಿದರು. “ನೀವು ಇದೇ ಕೆಲಸದಲ್ಲಿರುವವರು. ನಿಮಗೆ ತಿಳಿದಿರುತ್ತದೆ. ಏನಾದರೂ ಇದೆಯೇ?”

“ಇಲ್ಲ, ಡಾಕ್ಟರ್” ಎಂದೆ.

ಅದೇ ವಾರ ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಬಾಟಲಿಯನ್ನು ಸಿಂಕಿಗೆ ಸುರಿದು, ತೊಳೆದು, ಅಲ್ಲಿಯೇ ಬೋರಲು ಹಾಕಿದೆ. ಅಕ್ಕ ನೋಡಿದಳು. ಬಾಟಲಿಯನ್ನು ಒರೆಸಿ, ಖಾಲಿಯಾಗಿಯೇ ಕಪಾಟಿಗೆ ಮರಳಿ ಇಟ್ಟಳು. ನಿಧಾನವಾಗಿ ಕಣ್ಣಿನ ಹಳದಿ ಇಳಿಯಿತು. ಆದರೆ ತಪ್ಪು ಡ್ರಿಪ್ಪಿನ ಔಷಧದ ಮೇಲೆ ಬಂತು. ಇವರ ಲಿವರಿಗೆ ಅದು ಆಗುವುದಿಲ್ಲ ಎಂದು ತೀರ್ಮಾನಿಸಿ, ಅದಕ್ಕಿಂತ ಸಪ್ಪೆಯದನ್ನು ಕೊಟ್ಟು ಚಿಕಿತ್ಸೆ ಮುಗಿಸಿದರು. ಆಗಲೂ ನಾನು ಬಾಯಿ ತೆರೆಯಬಹುದಿತ್ತು. ಅಕ್ಕ ಚೇತರಿಸಿಕೊಳ್ಳುತ್ತಿದ್ದಾಳಲ್ಲ ಎಂದು ಸುಮ್ಮನಾದೆ. ಯೂನಿಟ್ಟಿನಲ್ಲಿ ಮಾತ್ರ “ನಿಮ್ಮಮ್ಮ ಏನು ಕೊಡುತ್ತಿದ್ದಳು?” ಎಂದು ಕೇಳುವುದನ್ನು ನಿಲ್ಲಿಸಲಿಲ್ಲ.

ಕಾಯಿಲೆ ಮರಳಿ ಬಂತು. ಆ ವಾರ ಗಲೀನಾ ತಪಾಸಣೆಗೆಂದು ಬಂದಿದ್ದಳು. ನನ್ನ ಮುಖ ನೋಡಿ ಚಹಾದ ಗಾಡಿಯನ್ನು ಕಾಲಿನಿಂದ ತಡೆದು ನಿಲ್ಲಿಸಿದಳು. ಅವಳಿಗೆ ಎಲ್ಲ ಹೇಳಿದೆ. ಮನೆಯ ಯಾರಿಗೂ ತಿಳಿಯದ ಭಾಷೆಯಲ್ಲಿ ಹೇಳುವುದು ಸುಲಭವಾಗಿತ್ತು. ಅವಳು ಸಮಾಧಾನ ಮಾಡಲಿಲ್ಲ.

“ಆಣೆ ಮುರಿದರೆ ಯಾರು ಸಾಯ್ತಾರೆ?” ಎಂದು ಲೆಕ್ಕದ ಮೇಷ್ಟರ ದನಿಯಲ್ಲಿ ಕೇಳಿದಳು.

“ಅಕ್ಕ.”

“ಮುರಿಯದಿದ್ದರೆ?”

ನಾನು ಗಾಡಿಯ ಮೇಲಿನ ಲೋಟಗಳನ್ನು ಜೋಡಿಸತೊಡಗಿದೆ.

“ನನಗೆ ಹೇಳಿ ಏನು ಬಂತು, ಶಾಂತೋಚ್ಕಾ? ಅವತ್ತು ನಾನು ನಿನಗೆ ಹೇಳಿದ್ದರಿಂದ ಉಳಿಯಲಿಲ್ಲ. ನೀನು ಹಂಸಾಗೆ ಹೇಳಿದ್ದರಿಂದ ಉಳಿದೆ.”

ಡಾಕ್ಟರ ಕೋಣೆಗೆ ಅಕ್ಕ, ಭಾವ, ನಾನು ಮತ್ತೆ ಹೋದೆವು. ಅದೇ ಡಾಕ್ಟರು. “ಈಗ ಇರುವುದರಲ್ಲಿ ಒಳ್ಳೆಯದೆಂದರೆ ಮೊದಲ ಸಲ ಶುರುಮಾಡಿದ್ದ ಔಷಧವೇ. ಆದರೆ ಆಗ ಲಿವರ್ ತಡೆಯಲಿಲ್ಲ. ಮತ್ತೆ ಕೊಡುವ ಧೈರ್ಯ ನನಗಿಲ್ಲ” ಎಂದರು. ಭಾವ ತಲೆಯಾಡಿಸಿದ. ಅಕ್ಕ ತನ್ನ ಮಡಿಲು ನೋಡುತ್ತಿದ್ದಳು.

ನಾನು ಎದ್ದು ಅವಳ ಕುರ್ಚಿಯ ಹಿಂದೆ ನಿಂತು ತಲೆಯ ಮೇಲೆ ಕೈಯಿಟ್ಟೆ. ಕೂದಲು ಮರಳಿ ಬಂದಿತ್ತು, ಗಿಡ್ಡಗೆ, ಬೆಳ್ಳಗೆ, ಕೂಸಿನ ತಲೆಯ ಹಾಗೆ ಮೆತ್ತಗೆ. ಅಕ್ಕನಿಗೆ ತಕ್ಷಣ ತಿಳಿಯಿತು. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

“ಬ್ಯಾಡ, ಶಾಂತಾ.”

ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. “ಡಾಕ್ಟರ್, ಹೋದ ಸಲ ಅಕ್ಕ ಊರಿನ ಪುಡಿ ತಿನ್ನುತ್ತಿದ್ದಳು. ಲಿವರ್ ಕೆಟ್ಟದ್ದು ನಿಮ್ಮ ಔಷಧದಿಂದ ಅಲ್ಲದಿರಬಹುದು. ಪುಡಿ ಚೆಲ್ಲಿದ ಮೇಲೆ ಕಣ್ಣು ಬೆಳ್ಳಗಾದವು. ನನಗೆ ಎಲ್ಲ ಗೊತ್ತಿತ್ತು. ನೀವು ಕೇಳಿದಿರಿ. ನಾನು ಇಲ್ಲ ಅಂದೆ.”

“ಏನಂತೀ ನೀ?” ಎಂದು ಭಾವ ಎದ್ದು ನಿಂತ. “ಸುಶೀ, ಇಕಿ ಏನಂತಾಳ?”

ಡಾಕ್ಟರು ಅವನಿಗೆ ಕೂರಲು ಕೈಸನ್ನೆ ಮಾಡಿ ಅಕ್ಕನ ಕಡೆ ನೋಡಿದರು. ಅಕ್ಕ ಹೌದೆಂದು ತಲೆಯಾಡಿಸಿದಳು. ಆ ಅಲುಗಾಟ ನನ್ನ ಅಂಗೈಗೆ ತಿಳಿಯಿತು. ಡಾಕ್ಟರು ಉಸಿರು ಬಿಟ್ಟು, “ಹಾಗಿದ್ದರೆ ಮತ್ತೆ ಯೋಚಿಸಬಹುದು. ರಕ್ತ ಪರೀಕ್ಷೆ ಮಾಡಿಸೋಣ, ಕಡಿಮೆಯಿಂದ ಶುರುಮಾಡಿ ನೋಡೋಣ. ಇದನ್ನು ಆಗಲೇ ಹೇಳಬೇಕಿತ್ತು” ಎಂದು ಫಾರ್ಮಸಿಗೆ ಫೋನ್ ಮಾಡಲು ಎದ್ದು ಹೋದರು. ಭಾವ ನಮಗೆ ಬೆನ್ನು ಹಾಕಿ ಕಿಟಕಿಯ ಹತ್ತಿರ ನಿಂತ.

ಅಕ್ಕ ನನ್ನ ಮಣಿಕಟ್ಟು ಬಿಟ್ಟಿರಲಿಲ್ಲ. “ಆಣಿ ಮುರದಿ” ಎಂದಳು, ಮುಖ ಎತ್ತದೆ.

“ಹೌದು, ಮುರದೆ” ಎಂದೆ. “ಅಕ್ಕಾ, ನಂದು ತಪ್ಪಾತು. ಇವತ್ತ ಹೇಳಿದ್ದಕ್ಕಲ್ಲ. ಅವತ್ತ ಹೇಳಲಾರದ್ದಕ್ಕ.”